ಬಿಟ್ಟ ಚಪ್ಪಲಿ, ಇಟ್ಟ ಚಪ್ಪಲಿ

ಜೋಡಿಬಂಡೆ ಆಂಜನೇಯಸ್ವಾಮಿ ಗುಡಿಯ ಮುಂದೆ, ಹೊಂಗೆ ಮರದ ಕೆಳಗೆ ಕೂತು ಮೂವತ್ತಮೂರು ವರ್ಷದಿಂದ ಬಂದವರ ಚಪ್ಪಲಿ ಕಾಯುತ್ತಿರುವ ಅಕ್ಕಯಮ್ಮ ಒಂದೇ ಒಂದು ಸಲ ಸುಳ್ಳು ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಸುಳ್ಳಿಗೆ ಅರ್ಧ ಕಾರಣ ನಾನೇ ಬರೆದ ಒಂದು ಬೋರ್ಡು. ನಾನು ಮುಳಬಾಗಿಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಬೇರೆಯವರ ಕಾಗುಣಿತ ತಿದ್ದಿ ತಿದ್ದಿ ನನ್ನ ಕಣ್ಣು ಹಾಳಾಯಿತೇ ಹೊರತು ಬುದ್ಧಿ ಬಂದಿರಲಿಲ್ಲ. ಅದು ಗೊತ್ತಾಗುವುದಕ್ಕೆ ಒಂದು ಜೊತೆ ಚಪ್ಪಲಿ ಬೇಕಾಯಿತು.

ಜೋಡಿಬಂಡೆ ಇರುವುದು ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ. ಮನೆಯೆತ್ತರದ ಎರಡು ಬಂಡೆಗಳು ಒಂದಕ್ಕೊಂದು ಹಣೆ ಹಚ್ಚಿಕೊಂಡು ನಿಂತಿವೆ, ನಡುವಿನ ಸಂದಿಯಲ್ಲಿ ಆಂಜನೇಯ. ಹಿಂದೆ ಶನಿವಾರ ಸುತ್ತಲಿನ ಹತ್ತಾರು ಹಳ್ಳಿಯವರು ಬಂದು ಎಳ್ಳೆಣ್ಣೆ ದೀಪ ಹಚ್ಚಿ, ಕೈಲಾದವರು ವಡೆಮಾಲೆ ಹಾಕಿಸಿ ಹೋಗುತ್ತಿದ್ದರು. ಉಳಿದ ದಿನ ಅಲ್ಲಿ ಇರುತ್ತಿದ್ದವರು ಪೂಜಾರಿ, ಕೋತಿಗಳು, ಅಕ್ಕಯಮ್ಮ. ನಾಲ್ಕು ವರ್ಷದ ಹಿಂದೆ ಯಾರೋ ಒಂದು ಹುಡುಗಿ ಎರಡು ಬಂಡೆಗಳ ನಡುವೆ ಕೈ ಚಾಚಿ ನಿಂತು ವಿಡಿಯೋ ಮಾಡಿ ಹಾಕಿದಳಂತೆ. ಅಲ್ಲಿಂದ ನಮ್ಮ ದೇವರಿಗೆ ಬಿಡುವಿಲ್ಲ.

ಬೆಂಗಳೂರಿನಿಂದ ಬರುವ ‘ಒಂದು ದಿನದ ಪ್ರವಾಸ’ದ ವ್ಯಾನುಗಳು ಬೆಳಿಗ್ಗೆ ಕೋಲಾರಮ್ಮನಿಗೆ ಕೈ ಮುಗಿದು, ಅಂತರಗಂಗೆಯಲ್ಲಿ ಬಸವನ ಬಾಯಿಯ ನೀರು ಕುಡಿದು, ಆವಣಿ, ಮುಳಬಾಗಿಲು, ಕುರುಡುಮಲೆ ಎಲ್ಲ ಮುಗಿಸಿ ವಾಪಸು ಹೋಗುವಾಗ ನಮ್ಮಲ್ಲಿಯೂ ಇಪ್ಪತ್ತು ನಿಮಿಷ ನಿಲ್ಲತೊಡಗಿದವು. ಐದು ನಿಮಿಷ ದೇವರಿಗೆ, ಹದಿನೈದು ನಿಮಿಷ ಬಂಡೆಗೆ. ಭಾನುವಾರ ಮಾಲೂರಿನ ಕಾರ್ಖಾನೆಗಳ ಹುಡುಗರು ಬೈಕುಗಳಲ್ಲಿ ಬರುತ್ತಾರೆ. ಮದನಪಲ್ಲಿ, ಪಲಮನೇರು ಕಡೆಯಿಂದ ತೆಲುಗಿನವರು ಕಾರುಗಳಲ್ಲಿ ಬರುತ್ತಾರೆ. ಬಂದವರೆಲ್ಲ ಮೊದಲು ನಿಲ್ಲಬೇಕಾದದ್ದು ಅಕ್ಕಯಮ್ಮನ ಮುಂದೆ.

ಆಕೆಯ ಗಂಡ ದೊಡ್ಡಮುನಿಯಪ್ಪ ಅರ್ಧ ಎಕರೆಯಲ್ಲಿ ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆಹುಳು ಸಾಕುತ್ತಾನೆ. ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿಗಳನ್ನು ಅಕ್ಕಯಮ್ಮ ತನ್ನ ಕೆಲಸಕ್ಕೆ ತರುತ್ತಾಳೆ. ಒಂದು ವ್ಯಾನಿನವರ ಚಪ್ಪಲಿ ಒಂದು ಸಾಲು, ಸಾಲಿಗೂ ಸಾಲಿಗೂ ನಡುವೆ ಒಂದು ಕಡ್ಡಿ. ಟೋಕನ್ ಇಲ್ಲ, ಚೀಟಿ ಇಲ್ಲ. ಇನ್ನೂರು ಜೊತೆ ಇದ್ದರೂ ನೀವು ಹತ್ತು ಹೆಜ್ಜೆ ದೂರವಿರುವಾಗಲೇ ನಿಮ್ಮದನ್ನು ಎತ್ತಿ ಮುಂದಿಡುತ್ತಾಳೆ. ಹೇಗಮ್ಮಾ ಇದು ಎಂದು ನಾನೊಮ್ಮೆ ಕೇಳಿದ್ದೆ.

“ನಾನು ಮುಖ ನೋಡಲ್ಲ ಮೇಷ್ಟ್ರೆ. ಮುಖ ಒಬ್ರದ್ದು ಇನ್ನೊಬ್ರ ಥರ ಇರ್ತದೆ. ಕಾಲು ಹಂಗಲ್ಲ. ಒಬ್ರು ಹಿಮ್ಮಡಿ ಒತ್ತಿ ನಡೀತಾರೆ, ಒಬ್ರು ಹೆಬ್ಬೆಟ್ಟು ಒತ್ತಿ ನಡೀತಾರೆ. ಅದು ಚಪ್ಪಲೀಲಿ ಬರ್ದಿರ್ತದೆ.”

ಓದು ಬಾರದ ಹೆಂಗಸು ಬರೆದಿರುತ್ತದೆ ಎಂದದ್ದು ನನಗೆ ತಮಾಷೆಯಾಗಿ ಕಂಡಿತ್ತು. ಅವಳು ಮಾತ್ರ ಯಾವಾಗಲೂ ಬರಿಗಾಲಿನಲ್ಲೇ ಇರುವುದೇಕೆ ಎಂದೂ ಅದೇ ದಿನ ಕೇಳಿದೆ. “ಊರಿನವ್ರ ಚಪ್ಪಲಿ ಕಾಯೋಳು ನಾನೊಂದು ಜೊತೆ ಹಾಕ್ಕಂಡು ಕೂತ್ರೆ, ಇವು ಯಾರವಮ್ಮಾ ಅಂತ ಯಾರಾದ್ರೂ ಕೇಳ್ತಾರೆ. ಆ ಮಾತು ನಂಗ್ಯಾಕೆ?” ಎಂದಳು. ಆ ಮಾತನ್ನು ಕೇಳಿಸಿಕೊಳ್ಳಬಾರದೆಂದೇ ಅವಳು ಮೂವತ್ತು ಬೇಸಿಗೆ ಕಾದ ಬಂಡೆಯ ಮೇಲೆ ಓಡಾಡಿದ್ದಾಳೆ. ಇದು ನೆನಪಿರಲಿ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶನಿಕಾಟ ಹಿಡಿದಿದೆ ಎಂದುಕೊಂಡವರು ನಮ್ಮಲ್ಲಿಗೆ ಶನಿವಾರ ಬಂದು, ಆಂಜನೇಯನಿಗೆ ಕೈ ಮುಗಿದು, ಕಾಲಲ್ಲಿದ್ದ ಚಪ್ಪಲಿಯನ್ನು ಅಲ್ಲಿಯೇ ಬಿಟ್ಟು, ಹಿಂದಿರುಗಿ ನೋಡದೆ ಬರಿಗಾಲಲ್ಲಿ ಹೋಗುವ ಪದ್ಧತಿ ಇದೆ. ಚಪ್ಪಲಿಯ ಜೊತೆ ಶನಿಯೂ ಅಲ್ಲಿಯೇ ಉಳಿಯುತ್ತಾನೆ ಎಂದು ನಂಬಿಕೆ. ಅದಕ್ಕೆ ಜಾಗ ದೊಡ್ಡ ಬಂಡೆಯ ಹಿಂದೆ, ಜಾಲಿ ಮರದ ಬುಡ. ಅಲ್ಲಿ ನಮ್ಮ ತಾತಂದಿರ ಕಾಲದಿಂದ ಹಳೇ ಚಪ್ಪಲಿಗಳ ರಾಶಿ ಬಿದ್ದಿತ್ತು. ನಾಯಿ ಕೂಡ ಅದನ್ನು ಮೂಸುತ್ತಿರಲಿಲ್ಲ. ಬಂಡೆಯ ಮುಂದೆ ಅಕ್ಕಯಮ್ಮನ ಹತ್ತಿರ ಇಡುವವರು ಇಡುತ್ತಿದ್ದರು, ಹಿಂದೆ ಹೋಗಿ ಬಿಡುವವರು ಬಿಡುತ್ತಿದ್ದರು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಜನ ಬರತೊಡಗಿದ ಮೇಲೆ ಒಂದು ಅಭಿವೃದ್ಧಿ ಸಮಿತಿ ಹುಟ್ಟಿತು. ಕಾರ್ಯದರ್ಶಿ ಮುರಳಿಮೋಹನ್, ಮುಳಬಾಗಿಲಿನಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ಕೆಟ್ಟವನಲ್ಲ, ಆದರೆ ಸುಮ್ಮನೆ ಕೂರುವವನೂ ಅಲ್ಲ. ನಾನು ಸದಸ್ಯ. ನಿವೃತ್ತ ಮೇಷ್ಟ್ರನ್ನು ಯಾವ ಸಮಿತಿ ತಾನೇ ಬಿಟ್ಟೀತು?

“ಸಾರ್, ಟೂರಿಸ್ಟ್ ಪ್ಲೇಸ್ ಅಂದ್ಮೇಲೆ ನೀಟಾಗಿರ್ಬೇಕು. ಫೋಟೋ ತೆಗ್ದ್ರೆ ಹಿಂದ್ಗಡೆ ಹಳೇ ಚಪ್ಪಲಿ ಗುಡ್ಡೆ ಬೀಳ್ತದೆ, ಅಸಹ್ಯ,” ಎಂದ ಮುರಳಿಮೋಹನ್. ನಾವೆಲ್ಲ ತಲೆಯಾಡಿಸಿದೆವು. ಎರಡು ಟ್ರ್ಯಾಕ್ಟರ್ ಲೋಡು ಚಪ್ಪಲಿ ಹೋಯಿತು, ಜಾಲಿ ಮರ ಹೋಯಿತು. ಆ ಜಾಗಕ್ಕೆ ಟೈಲ್ಸ್ ಹಾಕಿ, ಕಂಬಿ ಕಟ್ಟಿ, ಹೃದಯದ ಆಕಾರದ ಒಂದು ಕಬ್ಬಿಣದ ಚೌಕಟ್ಟು ನಿಲ್ಲಿಸಿ ‘ಸೆಲ್ಫಿ ಪಾಯಿಂಟ್’ ಮಾಡಿದರು. ಬ್ರಹ್ಮಚಾರಿ ದೇವರ ಬೆನ್ನ ಹಿಂದೆ ಹೃದಯದ ಚೌಕಟ್ಟು! ನನಗೆ ನಗು ಬಂದರೂ ತೋರಿಸಿಕೊಳ್ಳಲಿಲ್ಲ.

ಬೋರ್ಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೊಂಗೆ ಮರಕ್ಕೆ ‘ಚಪ್ಪಲಿ ಸ್ಟ್ಯಾಂಡ್’ ಎಂದು ಹಾಕೋಣ ಎಂದ ಮುರಳಿಮೋಹನ್. ನಾನು ಬದುಕಿರುವಾಗ ಅದು ಸಾಧ್ಯವಿಲ್ಲ ಎಂದೆ. ಅಚ್ಚ ಅಕ್ಷರಗಳಲ್ಲಿ ‘ಪಾದರಕ್ಷೆಗಳನ್ನು ಇಲ್ಲಿಯೇ ಬಿಡಿ’ ಎಂದು ಬರೆಸಿದೆ. ಆ ‘ಯೇ’ ಕಾರವನ್ನು ಒತ್ತಿಗಾಗಿ ನಾನೇ ಸೇರಿಸಿದ್ದು. ಬೋರ್ಡು ಏರಿದ ದಿನ ಅಕ್ಕಯಮ್ಮನಿಗೆ ಓದಿ ಹೇಳಿದೆ. “ನಾನೂ ದಿನಾ ಅದನ್ನೇ ಕೂಗೋದು ಬುಡಿ, ಇಲ್ಲಿ ಬಿಡಿ ಸಾಮಿ ಅಂತ,” ಎಂದು ನಕ್ಕಳು.

ಹೋದ ವರ್ಷ ಜೂನ್ ತಿಂಗಳ ಮೊದಲ ಶನಿವಾರ ಒಂದು ಕಾರು ಬಂತು. ಇಳಿದವರಲ್ಲಿ ಒಬ್ಬ ಮುದುಕರು, ಕಾಲಲ್ಲಿ ಮಂಡಿನೋವಿನವರು ಹಾಕುವ ಮೆತ್ತನೆಯ ಡಾಕ್ಟರ್ ಚಪ್ಪಲಿ, ಬಹುಪಾಲು ಹೊಸದು. ಅವರು ಗುಡಿಗೆ ಮುಂಚೆ ಬಂಡೆಯ ಹಿಂದಕ್ಕೆ ಹೋದರು, ಸೆಲ್ಫಿ ಪಾಯಿಂಟಿನಲ್ಲಿ ನಿಂತ ಹುಡುಗಿಯರನ್ನು ನೋಡಿ ಗಲಿಬಿಲಿಗೊಂಡು ಮರಳಿದರು, ನನ್ನ ಬೋರ್ಡನ್ನು ಎರಡು ಸಲ ಓದಿದರು. “ಇಲ್ಲಿ ಬಿಡಿ ಸಾಮಿ,” ಎಂದಳು ಅಕ್ಕಯಮ್ಮ ಎಂದಿನಂತೆ. “ಬಿಟ್ಟೆ ಕಣಮ್ಮಾ. ಬಿಟ್ಟೇಬಿಟ್ಟೆ,” ಎಂದು ಕೈ ಮುಗಿದರಂತೆ. ಯಾರೋ ತಮಾಷೆಯ ಮನುಷ್ಯ ಎಂದುಕೊಂಡಳು ಈಕೆ.

ದರ್ಶನ ಮುಗಿದ ಮೇಲೆ ಉಳಿದವರು ತಮ್ಮ ತಮ್ಮ ಚಪ್ಪಲಿ ತೆಗೆದುಕೊಂಡರು. ಮುದುಕರು ಮಾತ್ರ ನೆಲ ನೋಡುತ್ತಾ ಬಿರಬಿರನೆ ಕಾರಿನತ್ತ ನಡೆದರು. “ಯಜಮಾನ್ರೇ, ಚಪ್ಪಲಿ! ಯಜಮಾನ್ರೇ!” ಎಂದು ಅಕ್ಕಯಮ್ಮ ಕೂಗಿದಷ್ಟೂ ಅವರ ನಡಿಗೆ ಜೋರಾಯಿತು. ಇವಳು ಚಪ್ಪಲಿ ಹಿಡಿದು ಓಡುವಷ್ಟರಲ್ಲಿ ಕಾರು ರಸ್ತೆ ಸೇರಿತ್ತು. ಅವತ್ತಿನಿಂದ ಆ ಜೊತೆಯನ್ನು ಬಟ್ಟೆಚೀಲದಲ್ಲಿ ಹಾಕಿ ದಿನಾ ಮನೆಗೆ ಒಯ್ದು, ದಿನಾ ವಾಪಸು ತಂದಳು. ನೆನಪಾದರೆ ಬಂದಾರು ಎಂದು ಕಾಯುತ್ತಿದ್ದಳು.

ಬಂದದ್ದು ಮುರಳಿಮೋಹನ್. ಗುರುವಾರ ಬೆಳಿಗ್ಗೆ ನನ್ನನ್ನೂ ಬೈಕಿನಲ್ಲಿ ಕೂರಿಸಿಕೊಂಡು ಬಂದು, ಹೊಂಗೆ ಮರದ ಕೆಳಗೆ ಫೋನು ತೆರೆದು ಓದಿದ. ನಮ್ಮ ಗುಡಿಯ ಬಗ್ಗೆ ಯಾರೋ ಶಿವಶಂಕರ್ ಎನ್ನುವವನು ಒಂದೇ ಒಂದು ಸ್ಟಾರ್ ಕೊಟ್ಟು ಬರೆದಿದ್ದ: ‘ಶ್ರೀನಿವಾಸಪುರದಿಂದ ಫ್ಯಾಮಿಲಿ ಸಮೇತ ಹೋಗಿದ್ವಿ. ಮಂಡಿನೋವು ಅಂತ ಅಪ್ಪನಿಗೆ ತೆಗೆಸಿಕೊಟ್ಟಿದ್ದ ಚಪ್ಪಲಿ ಕಳ್ಳತನ ಆಯ್ತು. ವಯಸ್ಸಾದವರು ಬರಿಗಾಲಲ್ಲಿ ಮನೆಗೆ ಬಂದರು. ಚಪ್ಪಲಿ ಕಾಯೋ ಹೆಂಗಸೇ ಕಳ್ಳಿ. ಯಾರೂ ಹೋಗಬೇಡಿ.’

“ಕಳ್ಳಿ ಅಂತ ಬರ್ದವ್ರಾ?” ಎಂದಳು ಅಕ್ಕಯಮ್ಮ. ನನ್ನನ್ನು ನೋಡಿ ಇನ್ನೊಂದು ಸಲ ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಚೀಲದಿಂದ ಚಪ್ಪಲಿ ತೆಗೆದು ನಮ್ಮ ಮುಂದಿಟ್ಟಳು.

ಮುರಳಿಮೋಹನ್ ಸ್ವಲ್ಪ ಮೆತ್ತಗಾದ. ಆದರೂ ಹೇಳುವುದನ್ನು ಹೇಳಿದ. ಮಾಲೂರಿನ ಒಬ್ಬ ಗುತ್ತಿಗೆದಾರ ಟೋಕನ್ ಹಾಕಿ, ಕಬ್ಬಿಣದ ರ‍್ಯಾಕ್ ಇಟ್ಟು ಈ ಕೆಲಸ ನಡೆಸಲು ತಯಾರಿದ್ದಾನೆ. ಭಾನುವಾರ ಸಮಿತಿಯ ಸಭೆ. “ಅಷ್ಟರೊಳ್ಗೆ ಈ ಯಪ್ಪನ ಹತ್ರ ಇದನ್ನ ತೆಗೆಸಿದ್ರೆ ನಾನು ಬಾಯಿ ಮುಚ್ಕೊಂಡು ಕೂರ್ತೀನಿ ಅಕ್ಕಯಮ್ಮ. ಇಲ್ಲಾಂದ್ರೆ ಮುಂದಿನ ತಿಂಗ್ಳಿಂದ ನಿನ್ನ ಕೂರ್ಸೋಕಾಗಲ್ಲ. ಓದಿದವ್ರೆಲ್ಲ ನನ್ನ ಕೇಳ್ತಾರೆ.”

ಶಿವಶಂಕರನ ಫೋಟೋದ ಹಿಂದೆ ಒಂದು ಮಾವಿನ ಮಂಡಿಯ ಹೆಸರು ಕಾಣುತ್ತಿತ್ತು. ಅದನ್ನು ಬರೆದುಕೊಂಡೆ. ಶುಕ್ರವಾರ ಬೆಳಿಗ್ಗೆ ನಾನು, ಅಕ್ಕಯಮ್ಮ, ಆ ಬಟ್ಟೆಚೀಲ ಮೂರೂ ಶ್ರೀನಿವಾಸಪುರದ ಬಸ್ಸು ಹತ್ತಿದೆವು. ಚೀಲವನ್ನು ಆಕೆ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ದಾರಿಯಲ್ಲೊಮ್ಮೆ, “ಚಪ್ಪಲಿ ನೋಡಿದ್ಮೇಲೆ ಅಳಿಸ್ತಾರಲ್ವಾ ಮೇಷ್ಟ್ರೆ?” ಎಂದಳು. “ಅಳಿಸದೆ ಏನು? ಕ್ಷಮೆ ಕೇಳಿಸದೆ ನಾನು ಬರುವುದಿಲ್ಲ,” ಎಂದು ಮೀಸೆ ತಿರುವಿದೆ.

ಜೂನ್ ತಿಂಗಳಲ್ಲಿ ಶ್ರೀನಿವಾಸಪುರಕ್ಕೆ ಹೋದರೆ ಬಸ್ಸಿಳಿಯುವ ಮೊದಲೇ ಮಾವಿನ ವಾಸನೆ ಮೂಗಿಗೆ ಬಡಿಯುತ್ತದೆ. ಲಾರಿ, ಟ್ರ್ಯಾಕ್ಟರು, ಕ್ರೇಟು, ಹುಲ್ಲು, ಕೂಗಾಟ. ಮಂಡಿ ಸುಲಭವಾಗಿ ಸಿಕ್ಕಿತು. ಮಗ ಹರಾಜಿನ ಕಡೆ ಹೋಗಿದ್ದಾನೆ, ಹಿಂದೆಯೇ ಮನೆ, ಯಜಮಾನರು ಅಲ್ಲಿದ್ದಾರೆ ಎಂದರು. ಮನೆಯ ಜಗಲಿಯ ಮೇಲೆ ಆ ಮುದುಕರು, ಹೆಸರು ಮುನಿಕೃಷ್ಣಪ್ಪ, ಬಾದಾಮಿ ಮಾವಿನ ಹಣ್ಣುಗಳನ್ನು ಒಂದೊಂದೇ ಒರೆಸಿ ಬುಟ್ಟಿಯ ಹುಲ್ಲಿನ ಮೇಲೆ ಜೋಡಿಸುತ್ತಾ ಕೂತಿದ್ದರು. ಅಕ್ಕಯಮ್ಮ ಮೊದಲು ನೋಡಿದ್ದು ಅವರ ಪಾದಗಳನ್ನು. “ಇವ್ರೇ,” ಎಂದು ನನಗೆ ಪಿಸುಗುಟ್ಟಿ, ಗೆದ್ದವಳ ಹಾಗೆ ಮುಂದೆ ಹೋಗಿ ಚೀಲದ ಬಾಯಿ ಅಗಲಿಸಿದಳು.

“ಅಣ್ಣಾ, ತಗಳ್ಳಿ, ನಿಮ್ಮ ಚಪ್ಪಲಿ. ಒಂದು ಚೂರು ಧೂಳು ಕೂರಕ್ಕೆ ಬಿಟ್ಟಿಲ್ಲ.”

ಮುನಿಕೃಷ್ಣಪ್ಪ ಹಾವು ಕಂಡವರಂತೆ ಹಿಂದಕ್ಕೆ ಸರಿದರು. ಕೈಯಲ್ಲಿದ್ದ ಹಣ್ಣು ಉರುಳಿ ಅಂಗಳಕ್ಕೆ ಬಿತ್ತು. “ಅಯ್ಯೋ! ಎಂದುಕಮ್ಮಾ ತೆಸ್ತಿವಿ?” ಎಂದರು. ಗಾಬರಿಯಾದರೆ ನಮ್ಮ ಕಡೆಯವರ ಬಾಯಲ್ಲಿ ತೆಲುಗೇ ಬರುವುದು. ಯಾಕಮ್ಮಾ ತಂದೆ ಎಂದು ಅವರು ಕೇಳಿದ್ದು ಇಬ್ಬರಿಗೂ ಅರ್ಥವಾಯಿತು. ಯಾಕೆ ಹಾಗೆ ಕೇಳಿದರು ಎನ್ನುವುದು ಮಾತ್ರ ಆಗಲಿಲ್ಲ.

“ನೀವು ಬಿಟ್ಟು ಬಂದಿದ್ರಲ್ಲಣ್ಣಾ.”

“ಬಿಟ್ಟು ಬಂದೆ ಕಣಮ್ಮಾ. ಬಿಡಕ್ಕೇ ಬಂದಿದ್ದು ನಾನು!” ದನಿ ತಗ್ಗಿಸಿ, ಬಾಗಿಲ ಕಡೆ ನೋಡುತ್ತಾ ಹೇಳತೊಡಗಿದರು. ಹೆಂಡತಿ ಶಾಮಲಮ್ಮ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಜ್ವರ ಬಿಟ್ಟರೂ ಅನ್ನ ಸೇರದು. ಕೋಲಾರದ ಆಸ್ಪತ್ರೆಗೆ ನಾಲ್ಕು ಸಲ ಕರೆದೊಯ್ದಿದ್ದರು. ನಿಮಗೆ ಶನಿ, ಅದು ಆಯಮ್ಮನ ಮೇಲೆ ಬೀಳುತ್ತಿದೆ, ಜೋಡಿಬಂಡೆಯಲ್ಲಿ ಮೆಟ್ಟು ಬಿಟ್ಟು ಬನ್ನಿ ಎಂದು ಯಾರೋ ಹೇಳಿದರು. “ಚಿಕ್ಕೋನಾಗಿದ್ದಾಗ ನಮ್ಮಪ್ಪನ ಜೊತೆ ಬಂದಿದ್ದೆ. ಬಂಡೆ ಹಿಂದೆ ಬಿಡ್ತಿದ್ರು. ಈಗ ನೋಡಿದ್ರೆ ಅಲ್ಲಿ ಹೆಣ್ಮಕ್ಳು ಫೋಟೋ ಹಿಡೀತಾವ್ರೆ. ಎಲ್ಲಿ ಬಿಡೋದು? ಈಚೆ ಬಂದ್ರೆ ದೊಡ್ಡ ಬೋರ್ಡು. ಇಲ್ಲಿಯೇ ಬಿಡಿ ಅಂತ ಬರ್ದಿತ್ತಲ್ಲ ಸ್ವಾಮಿ. ಸರಿ, ಜಾಗ ಬದಲಾಯ್ಸವ್ರೆ ಅಂತ ಅಲ್ಲಿಯೇ ಬಿಟ್ಟೆ.”

ಇಂಗು ತಿಂದ ಮಂಗನ ಹಾಗಾಯಿತು ನನ್ನ ಸ್ಥಿತಿ. ಇಲ್ಲಿ‘ಯೇ’. ಮೀಸೆ ತಿರುವುತ್ತಿದ್ದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

“ಮಗ ಇದನ್ನೆಲ್ಲ ನಂಬಲ್ಲ. ಅವನೇ ಪ್ರೀತಿಯಿಂದ ತೆಗೆಸಿಕೊಟ್ಟಿದ್ದ ಚಪ್ಪಲಿ. ಬಿಟ್ಟು ಬಂದೆ ಅಂತ ಹೆಂಗೆ ಹೇಳ್ಲಿ? ಮನೆ ಮುಟ್ಟಿದ್ಮೇಲೆ ಕಾಲು ನೋಡಿ ಕೇಳ್ದ, ಕಳ್ದೋಯ್ತು ಅಂದೆ. ಅವನು ಫೋನಲ್ಲಿ ಏನೋ ಬರ್ದ ಅಂತ ಗೊತ್ತು, ಇಂಥ ಮಾತು ಅಂತ ಗೊತ್ತಿರ್ಲಿಲ್ಲ,” ಎಂದು ಕೈ ಜೋಡಿಸಿದರು. “ತಗೊಂಡೋಗಮ್ಮಾ. ನಮ್ಮನೇಲಿ ಮಾತ್ರ ಇಡ್ಬೇಡ. ಆ ಶನಿವಾರದಿಂದ ನಮ್ಮೋಳು ಉಣ್ತಾವಳೆ.”

ನಾವು ಒಳಗೆ ನೋಡಿದೆವು. ನಡುಮನೆಯಲ್ಲಿ ಕಿಟಕಿಯ ಪಕ್ಕ ಒಣಗಿದ ಕಡ್ಡಿಯಂಥ ಒಬ್ಬ ಹೆಂಗಸು ಗೋಡೆಗೆ ಒರಗಿ, ತಟ್ಟೆ ಮುಂದಿಟ್ಟುಕೊಂಡು ಮುದ್ದೆ ಮುರಿಯುತ್ತಿದ್ದರು. ಒಂದೊಂದು ತುತ್ತಿಗೂ ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮತ್ತೆ ಮುರಿಯುತ್ತಿದ್ದರು. ಅಕ್ಕಯಮ್ಮ ಅದನ್ನೇ ನೋಡುತ್ತಾ ನಿಂತಳು.

ಅಷ್ಟರಲ್ಲಿ ಮಂಡಿಯ ಕಡೆಯಿಂದ ಮಗ ಶಿವಶಂಕರ್ ಬಂದ. “ಯಾರಪ್ಪಾ ಇವ್ರು?” ಎಂದ. ಮುನಿಕೃಷ್ಣಪ್ಪ ಬುಟ್ಟಿಯ ಕಡೆ ಬಗ್ಗಿ ಮತ್ತೆ ಹಣ್ಣು ಒರೆಸತೊಡಗಿದರು. ಇನ್ನು ತಡೆಯಬಾರದು ಎಂದು ನಾನು ಗಂಟಲು ಸರಿಮಾಡಿಕೊಂಡೆ. ಅಕ್ಕಯಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಚೀಲದ ಬಾಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿದಳು.

“ನಾನು ಜೋಡಿಬಂಡೇಲಿ ಚಪ್ಪಲಿ ಕಾಯೋಳು ಸಾಮಿ. ನಿಮ್ಮ ತಂದೇರ ಚಪ್ಪಲಿ ಕಳ್ದಿದ್ದು ನನ್ನಿಂದ್ಲೇ. ನೋಡ್ಕಂಬೇಕಾಗಿತ್ತು, ನೋಡ್ಕಳ್ಳಿಲ್ಲ. ತಪ್ಪಾಯ್ತು ಅಂತ ಹೇಳಿ ಹೋಗಾನ ಅಂತ ಬಂದೆ.”

ಶಿವಶಂಕರ್ ಆಕೆಯನ್ನು ಮೇಲಿಂದ ಕೆಳಗೆ ನೋಡಿದ. “ತಪ್ಪಾಯ್ತು ಅಂದ್ರೆ ಚಪ್ಪಲಿ ವಾಪಸ್ ಬರ್ತದಾ? ಅಪ್ಪನ ಮಂಡಿ ನೋವು ನಿಂಗೊತ್ತಾ? ಹೋಗಮ್ಮ, ಹೋಗು,” ಎಂದು ಒಳಕ್ಕೆ ಹೋದ. ಮುನಿಕೃಷ್ಣಪ್ಪ ತಲೆ ಎತ್ತಲಿಲ್ಲ. ಅಂಗಳಕ್ಕೆ ಉರುಳಿದ್ದ ಹಣ್ಣನ್ನು ಅಕ್ಕಯಮ್ಮ ಎತ್ತಿ, ಸೆರಗಿನಿಂದ ಒರೆಸಿ ಬುಟ್ಟಿಯಲ್ಲಿಟ್ಟು ಹೊರಟಳು.

ಬಸ್ ನಿಲ್ದಾಣದವರೆಗೂ ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. “ನಿನಗೇನು ತಲೆ ಕೆಟ್ಟಿದೆಯಾ? ಕಳ್ಳಿ ಎಂದು ನೀನೇ ಒಪ್ಪಿಕೊಂಡ ಹಾಗಾಯಿತಲ್ಲ! ಆ ಮುದುಕ ಬಾಯಿ ಬಿಡಬೇಕಿತ್ತು. ಶನಿಯಂತೆ ಶನಿ!”

“ಶನಿ ಗಿನಿ ನಂಗೊತ್ತಿಲ್ಲ ಮೇಷ್ಟ್ರೆ. ಆಯಮ್ಮ ಉಣ್ತಾ ಇತ್ತು. ನಾನು ಈ ಚೀಲ ಅಲ್ಲಿ ಬಿಚ್ಚಿ, ನಾಳೆ ಆಯಮ್ಮ ತಟ್ಟೆ ತಳ್ಳಿದ್ರೆ, ಆ ಯಪ್ಪ ನನ್ನೇ ನೆನೀತಾನೆ. ನಂಗೂ ಗಂಟ್ಲಲ್ಲಿ ಅನ್ನ ಇಳಿಯಲ್ಲ.” ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಹೇಳಿದಳು, “ಮೂವತ್ತೆರಡು ವರ್ಷ ಒಂದು ಜೊತೆ ಕಳ್ದಿರ್ಲಿಲ್ಲ.” ಆಮೇಲೆ ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಆ ಚೀಲವನ್ನು ಅವಳ ತೊಡೆಯಿಂದ ತೆಗೆದು ನನ್ನ ತೊಡೆಯ ಮೇಲಿಟ್ಟುಕೊಂಡೆ.

ಭಾನುವಾರದ ಸಭೆಯಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೂ ನನ್ನನ್ನು ಸುಳ್ಳ ಎನ್ನಲಿಲ್ಲ. ಆದರೆ ಮುರಳಿಮೋಹನ್ ಫೋನು ತೆರೆದ. ಬರಹ ಅಲ್ಲಿಯೇ ಇತ್ತು, ಕೆಳಗೆ ಹೊಸದಾಗಿ ಒಂದು ಸಾಲು ಸೇರಿತ್ತು: ‘ಮನೆಗೆ ಬಂದು ತಪ್ಪೊಪ್ಪಿಕೊಂಡಳು, ಚಪ್ಪಲಿ ಮಾತ್ರ ಕೊಡಲಿಲ್ಲ.’ ಇನ್ನು ಮಾತಿಗೆ ಜಾಗವಿರಲಿಲ್ಲ. ಜುಲೈ ಒಂದರಿಂದ ಟೋಕನ್ ಪದ್ಧತಿ ಎಂದು ಠರಾವಾಯಿತು. ಠರಾವಿನ ಕನ್ನಡ ಸರಿ ಇದೆಯೇ ನೋಡಿ ಸಾರ್ ಎಂದು ಹಾಳೆಯನ್ನು ನನಗೇ ಕೊಟ್ಟರು. ನೋಡುವುದಿಲ್ಲ ಎಂದು ಎದ್ದು ಬಂದೆ.

ಅಕ್ಕಯಮ್ಮ ಜಗಳವಾಡಲಿಲ್ಲ. ದೊಡ್ಡಮುನಿಯಪ್ಪ, “ಇನ್ಮೇಲೆ ಹುಳಕ್ಕೆ ಸೊಪ್ಪು ಹಾಕ್ಕಂಡು ಮನೇಲಿರು. ಅವಕ್ಕೆ ಕಾಲು ಜಾಸ್ತಿ, ಚಪ್ಪಲಿ ಇಲ್ಲ,” ಎಂದು ನಗಿಸಲು ನೋಡಿದನಂತೆ. ಅವಳು ನಗಲಿಲ್ಲ. ದಿನಾ ಬಂದು ಕಡ್ಡಿ ಜೋಡಿಸಿ ಕೂತಳು. ಆ ಚೀಲವನ್ನು ಮಾತ್ರ ಮನೆಗೆ ಒಯ್ಯುವುದನ್ನು ಬಿಟ್ಟು ಹೊಂಗೆ ಮರದ ಕೊಂಬೆಗೆ ನೇತುಹಾಕಿದಳು.

ಜೂನ್ ತಿಂಗಳ ಕೊನೆಯ ಶನಿವಾರ ನಾನು ಬೇಕೆಂದೇ ಅಲ್ಲಿಗೆ ಹೋದೆ. ಅವತ್ತು ಅವಳ ಕೊನೆಯ ಶನಿವಾರ. ಮುರಳಿಮೋಹನ್ ರ‍್ಯಾಕ್ ಇಡುವ ಜಾಗ ಅಳೆಯುತ್ತಿದ್ದ. ಹನ್ನೊಂದರ ಹೊತ್ತಿಗೆ ಆ ಕಾರು ಬಂದು ನಿಂತಿತು. ಮೊದಲು ಇಳಿದವರು ಶಾಮಲಮ್ಮ. ಮಗ ಕೈ ಹಿಡಿಯಲು ಬಂದರೆ ಕೊಡವಿ, ಬಾಗಿಲು ಹಿಡಿದುಕೊಂಡು ತಾವೇ ನಿಂತರು. ಹಿಂದೆ ಮುನಿಕೃಷ್ಣಪ್ಪ. ಇಬ್ಬರೂ ಬರಿಗಾಲು.

“ಚಪ್ಪಲಿ ಕಾಯೋ ತಾಯಿ ನೀನೇನಾ?” ಎಂದರು ಶಾಮಲಮ್ಮ.

“ಹೂಂ ಕಣಮ್ಮಾ.”

“ಅವತ್ತು ನೀನು ನಮ್ಮನೆ ಜಗಲೀಲಿ ಆಡಿದ ಮಾತೆಲ್ಲ ಕಿಟಕೀಲಿ ಕೇಳಿಸ್ತು ನಂಗೆ. ಇವ್ರು ಮಗನಿಗೆ ಹೇಳ್ತಾರೆ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಎರಡು ವಾರ ಕಾದೆ. ಹೇಳ್ಲಿಲ್ಲ. ಮೊನ್ನೆ ತಟ್ಟೆ ಮುಂದಿಟ್ಟಾಗ ತಳ್ಳಿದೆ. ನಾನು ಉಣ್ಲಿ ಅಂತ ಇನ್ನೊಬ್ಳು ಕಳ್ಳಿ ಆಗ್ಬೇಕಾ, ನೀವು ಹೇಳೋ ತಂಕ ನಂಗನ್ನ ಬೇಡ ಅಂದೆ. ಆವಾಗ ಬಾಯಿ ಬಿಟ್ರು.”

ಶಿವಶಂಕರ್ ಮುಂದೆ ಬಂದು, “ಅಮ್ಮಾ, ನಾನು ವಿಚಾರಿಸ್ದೆ ಬರ್ದ್ಬಿಟ್ಟೆ. ಅಪ್ಪ ಹೇಳಿದ ರಾತ್ರೀನೇ ಅಳಿಸ್ದೆ. ಇನ್ನೇನ್ ಮಾಡ್ಬೇಕು ಹೇಳಿ,” ಎಂದ. ಅಕ್ಕಯಮ್ಮನ ಕಣ್ಣು ಶಾಮಲಮ್ಮನ ಕಾಲುಗಳ ಮೇಲಿತ್ತು. ಮೂಳೆ ಎದ್ದ, ನೆಲದ ಕಾವಿಗೆ ಒಂದನ್ನೊಂದು ಬದಲಾಯಿಸುತ್ತಿದ್ದ ಕಾಲುಗಳು.

“ಎಲ್ಲಿ, ಆ ಚಪ್ಪಲಿ ಇದ್ಯಾ?” ಎಂದರು ಶಾಮಲಮ್ಮ. ಅಕ್ಕಯಮ್ಮ ಕೊಂಬೆಯಿಂದ ಚೀಲ ಇಳಿಸಿ, ಜೊತೆಯನ್ನು ತೆಗೆದು ಅನುಮಾನದಿಂದಲೇ ನೆಲದ ಮೇಲಿಟ್ಟಳು. ಮುನಿಕೃಷ್ಣಪ್ಪ, “ಬೇಡ ಕಣೇ, ಬೇಡ್ವೇ, ನನ್ನ ಮಾತು ಕೇಳೇ!” ಎಂದು ಅರಚಿದರು. ಅಷ್ಟರಲ್ಲಿ ಆಯಮ್ಮ ಮಗನ ಭುಜದ ಮೇಲೆ ಕೈಯಿಟ್ಟು, ಒಂದು ಕಾಲು, ಇನ್ನೊಂದು ಕಾಲು, ಎರಡನ್ನೂ ಆ ದೊಡ್ಡ ಚಪ್ಪಲಿಗೆ ತೂರಿಸಿ ನಿಂತಾಗಿತ್ತು.

“ನನ್ನ ಶನಿ ಅಲ್ವಾ? ನಾನೇ ಮೆಟ್ಕೊಂಡು ಓಡಾಡ್ತೀನಿ ಬಿಡಿ,” ಎಂದರು.

ನಮ್ಮ ಮಾತಿನಲ್ಲಿ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಮೆಟ್ಟುವುದು ಎನ್ನುತ್ತಾರೆ, ಕಾಲಡಿ ಹಾಕಿ ತುಳಿಯುವುದಕ್ಕೂ ಮೆಟ್ಟುವುದು ಎನ್ನುತ್ತಾರೆ. ಎಷ್ಟು ವರ್ಷ ಪಾಠ ಮಾಡಿದ್ದೆ, ಆ ಎರಡು ಅರ್ಥವನ್ನು ಒಂದೇ ಸಲ ಯಾರೂ ಹೀಗೆ ಬಳಸಿದ್ದನ್ನು ಕೇಳಿರಲಿಲ್ಲ. ಶಾಮಲಮ್ಮ ಹೊಂಗೆ ಮರದಿಂದ ಗುಡಿಯ ಮೊದಲ ಮೆಟ್ಟಿಲವರೆಗೆ ಟಪ ಟಪ ಸದ್ದು ಮಾಡುತ್ತಾ ಹೋಗಿ, ಅಲ್ಲಿ ತಿರುಗಿ, ಮತ್ತೆ ಟಪ ಟಪ ಎಂದು ವಾಪಸು ಬಂದು, ಚಪ್ಪಲಿ ಕಳಚಿ ಅಕ್ಕಯಮ್ಮನ ಮುಂದಿಟ್ಟರು. “ದೇವರಿಗೆ ಕೈ ಮುಗಿದು ಬರ್ತೀನಿ, ನೋಡ್ಕೋ,” ಎಂದು ಹೊರಟರು. ಅಕ್ಕಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಂದು ಕಡ್ಡಿ ತೆಗೆದು ಹೊಸ ಸಾಲು ಹಾಕಿದಳು.

ಮುರಳಿಮೋಹನ್ ಅಳತೆಯ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ರ‍್ಯಾಕ್ ಬರಲಿಲ್ಲ. ಬಂಡೆಯ ಹಿಂದಿನ ಕಂಬಿಯಾಚೆ ಎರಡು ಗಜ ಜಾಗವನ್ನು ಟೈಲ್ಸ್ ಕಿತ್ತು ಮಣ್ಣಾಗಿಯೇ ಬಿಟ್ಟುಕೊಟ್ಟರು. ನಾನು ಏಣಿ ಹತ್ತಿ, ನನ್ನ ಕೈಯಾರೆ ನನ್ನ ಬೋರ್ಡನ್ನು ತಿದ್ದಿದೆ. ಈಗ ಅಲ್ಲಿ ‘ಚಪ್ಪಲಿ ಇಲ್ಲಿ ಇಡಿ’ ಎಂದಿದೆ. ‘ಯೇ’ ಕಾರ ಇಲ್ಲ, ಪಾದರಕ್ಷೆಯೂ ಇಲ್ಲ.

ಆದರೂ ಅಕ್ಕಯಮ್ಮ ಬೋರ್ಡನ್ನು ನಂಬುವುದಿಲ್ಲ. ವ್ಯಾನಿನಿಂದ ಇಳಿದವರು ಶೂ ಬಿಚ್ಚಿ ಮುಂದೆ ಹೋಗುವಾಗ ಒಬ್ಬೊಬ್ಬರನ್ನೂ ತಡೆದು ಕೇಳುತ್ತಾಳೆ: “ಇಟ್ಟಿದ್ದಾ, ಬಿಟ್ಟಿದ್ದಾ?” ಬೆಂಗಳೂರಿನವರು ಅರ್ಥವಾಗದೆ ನಗುತ್ತಾರೆ. ಶನಿವಾರ ಬರುವ ಕೆಲವರು ನಗುವುದಿಲ್ಲ, ತಲೆ ತಗ್ಗಿಸಿ ಬಂಡೆಯ ಹಿಂದಕ್ಕೆ ಹೋಗುತ್ತಾರೆ.

ಈ ವರ್ಷ ಮಾವು ಮುಗಿದ ಮೇಲೆ ಶಾಮಲಮ್ಮ ಮತ್ತೆ ಬಂದಿದ್ದರು, ಗಂಡನ ಜೊತೆ ಬಸ್ಸಿನಲ್ಲಿ. ಕೆನ್ನೆ ತುಂಬಿಕೊಂಡಿತ್ತು, ನಾನು ಗುರುತು ಹಿಡಿಯಲಿಲ್ಲ. ಅಕ್ಕಯಮ್ಮ ಮುಖ ಎತ್ತದೆಯೇ ಗುರುತು ಹಿಡಿದಳು. ಕಾಲಲ್ಲಿ ಅದೇ ಚಪ್ಪಲಿ, ಹಿಮ್ಮಡಿ ಸವೆದು ತೆಳ್ಳಗಾಗಿತ್ತು. ಅವಳು ಬಾಯಿ ತೆರೆಯುವ ಮೊದಲೇ ಶಾಮಲಮ್ಮ ಅವನ್ನು ಕಳಚಿ ಮುಂದಿಟ್ಟು ಹೇಳಿದರು, “ಇಟ್ಟಿದ್ದು ಕಣಮ್ಮಾ.”